ರೆಡಿಮೇಡ್ ವೆಬ್‌ಸೈಟ್ ಕೊಂಡರೆ ಕೈಗೆ ಬರೋದೇನು?

ಹೋದ ವಾರ ಫ್ರೆಂಡ್ ಒಬ್ಬ ಫೋನ್ ಮಾಡಿ, "ಮಗಾ, ಒಂದು ಅಡುಗೆ ವೆಬ್‌ಸೈಟ್ ಮಾರಾಟಕ್ಕಿದೆ, ಎರಡು ಲಕ್ಷ. ಓದುಗರು, ಜಾಹೀರಾತು ಎಲ್ಲಾ ರೆಡಿ. ಅರ್ಧ ನೀನು ಹಾಕು" ಅಂದ. ಒಂದು ಲಕ್ಷ ಅಂದ್ರೆ ಹೆಚ್ಚುಕಮ್ಮಿ ನನ್ನ ಉಳಿತಾಯ ಪೂರ್ತಿ. ಹೂಂ ಅನ್ನೋ ಮೊದಲು, ಇದೇ ವ್ಯಾಪಾರ ಮಾಡಿದ ದೊಡ್ಡವರ ಕಥೆ ಏನಾಯ್ತು ಅಂತ ನೋಡೋಣ ಅನ್ನಿಸ್ತು.

ಮೊದಲು ಹಾಟ್‌ಮೇಲ್. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಅಮೆರಿಕದಲ್ಲಿ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಶುರು ಮಾಡಿದ ಉಚಿತ ಇಮೇಲ್ ಸೇವೆ. ಒಂದೂವರೆ ವರ್ಷದೊಳಗೆ, 1997ರ ಕೊನೆಗೆ, ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಸುಮಾರು 400 ಮಿಲಿಯನ್ ಡಾಲರ್ ಅಂತ ಆಗ ಸುದ್ದಿಯಾಗಿತ್ತು. ಮೈಕ್ರೋಸಾಫ್ಟ್‌ಗೆ ಇಮೇಲ್ ಸೈಟ್ ಕಟ್ಟೋಕೆ ಬರ್ತಿರಲಿಲ್ವಾ? ಬರ್ತಿತ್ತು. ಆದರೆ ಅಷ್ಟು ಲಕ್ಷ ಜನ ಆಗಲೇ ಅಲ್ಲಿ ಅಕೌಂಟ್ ಮಾಡಿಕೊಂಡಿದ್ದರು. ಅವರನ್ನು ಸೇರಿಸೋಕೆ ಬೇಕಾದ ಕಾಲಕ್ಕೆ ಕೊಟ್ಟ ದುಡ್ಡು ಅದು. ರೆಡಿಮೇಡ್‌ನ ನಿಜವಾದ ಲಾಭ ಇಷ್ಟೇ, ಆದರೆ ಇದು ಸಣ್ಣದಲ್ಲ.

ಗಂಟು ಬಂದದ್ದು ಒಳಗಡೆ. ಹಾಟ್‌ಮೇಲ್ ಓಡ್ತಿದ್ದದ್ದು ಫ್ರೀಬಿಎಸ್‌ಡಿ ಮತ್ತು ಸೋಲಾರಿಸ್ ಮೇಲೆ. ಊರಿಗೆಲ್ಲ ವಿಂಡೋಸ್ ಮಾರುವ ಕಂಪನಿಯ ಸ್ವಂತ ಇಮೇಲ್ ಬೇರೆಯವರ ಸಿಸ್ಟಂ ಮೇಲೆ! ಮುಂಭಾಗದ ಸರ್ವರ್‌ಗಳನ್ನು ವಿಂಡೋಸ್‌ಗೆ ತರೋ ಹೊತ್ತಿಗೆ 2000ನೇ ಇಸವಿ ಬಂದಿತ್ತು. ಬೇರೆಯವರು ಕಟ್ಟಿದ ಮನೆ ಕೊಂಡರೆ ಯಾವ ಪೈಪ್ ಯಾವ ಗೋಡೆಯೊಳಗಿದೆ ಅಂತ ಗೊತ್ತಾಗೋದು ಒಡೆಯೋಕೆ ಹೋದಾಗಲೇ.

ಇನ್ನೊಂದು ಘಟನೆ ನನಗೆ ಬಹಳ ಇಷ್ಟ. 1999ರ ಕ್ರಿಸ್‌ಮಸ್ ಹೊತ್ತಿಗೆ ಹಾಟ್‌ಮೇಲ್ ಲಾಗಿನ್ ಕೈಕೊಟ್ಟಿತು. ಲಾಗಿನ್‌ಗೆ ಬಳಸ್ತಿದ್ದ ಪಾಸ್‌ಪೋರ್ಟ್ ಡೊಮೇನ್ ರಿನ್ಯೂ ಮಾಡೋದನ್ನೇ ಕಂಪನಿ ಮರೆತಿತ್ತು. ಕೊನೆಗೆ ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿ ಸರಿ ಮಾಡಿದ. ಇದಕ್ಕೆ ಹಾಟ್‌ಮೇಲ್ ಕಟ್ಟಿದವರನ್ನ ಬೈಯೋ ಹಾಗಿಲ್ಲ, ಮರೆತದ್ದು ಕೊಂಡವರು.

ಇನ್ನು ಜಿಯೋಸಿಟೀಸ್. ನಮ್ಮ ಬಿಕಾಂನಲ್ಲಿ ಗುಡ್‌ವಿಲ್ ಅಂತ ಒಂದು ಚಾಪ್ಟರ್ ಇತ್ತು. ಲೆಕ್ಕ ಹಾಕೋಕೆ ಸೂತ್ರ ಕಲಿತೆವು, ಆ ಗುಡ್‌ವಿಲ್ ಎದ್ದು ಹೋಗೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಅದಕ್ಕೆ ಈ ಕಥೆ ಕೇಳಬೇಕು. ಜಿಯೋಸಿಟೀಸ್‌ನಲ್ಲಿ ಜನ ತಮ್ಮದೇ ಪುಟ ಕಟ್ಟಿಕೊಳ್ಳುತ್ತಿದ್ದರು, ವಿಷಯಕ್ಕೊಂದು ಬಡಾವಣೆ, ಮನೆ ನಂಬರ್ ಥರ ಪುಟಕ್ಕೊಂದು ನಂಬರ್. 1999ರಲ್ಲಿ ಯಾಹೂ ಅದನ್ನು ಸುಮಾರು 3.6 ಬಿಲಿಯನ್ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು. ಅದೇ ವರ್ಷ ಹೊಸ ನಿಯಮ ತಂದಿತು: ನೀವು ಹಾಕಿದ ಬರಹ, ಚಿತ್ರಗಳ ಮೇಲೆ ನಮಗೂ ಹಕ್ಕು. ಜನ ಸಿಟ್ಟಾದರು, ಯಾಹೂ ಹಿಂದೆ ಸರಿಯಿತು. ಆಮೇಲೆ ಆ ಬಡಾವಣೆ ವಿಳಾಸಗಳೂ ಹೋದವು. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಜಿಯೋಸಿಟೀಸ್‌ಗೆ ಬೀಗ ಬಿತ್ತು. ಬ್ಲಾಗು, ಮೈಸ್ಪೇಸ್, ಫೇಸ್‌ಬುಕ್ ಬಂದದ್ದೂ ಕಾರಣ, ಎಲ್ಲಾ ತಪ್ಪು ಯಾಹೂ ತಲೆಗೆ ಕಟ್ಟೋಕಾಗಲ್ಲ. ಆದ್ರೂ ಬಾಡಿಗೆದಾರರನ್ನು ನೋಡಿ ಕಟ್ಟಡ ಕೊಂಡು, ಅವರ ಬಾಗಿಲ ಬೋರ್ಡೇ ಕಿತ್ತುಹಾಕೋದು ಎಂಥಾ ವ್ಯಾಪಾರ?

2006ರಲ್ಲಿ ಗೂಗಲ್ 1.65 ಬಿಲಿಯನ್ ಡಾಲರ್‌ಗೆ ಯೂಟ್ಯೂಬ್ ಕೊಂಡಾಗ ಹೆಸರು ಮುಟ್ಟಲಿಲ್ಲ. ತನ್ನದೇ ಗೂಗಲ್ ವಿಡಿಯೋ ಇದ್ರೂ!

ಈಗ ನಮ್ಮ ಅಡುಗೆ ಸೈಟ್. ಅದರ ರೆಸಿಪಿಗಳನ್ನು ಬರೆಯೋದು ಒಬ್ಬರು ಆಂಟಿ. ಕಾಮೆಂಟ್ ಹಾಕೋರೆಲ್ಲ ಅವರ ಹೆಸರು ಹಿಡಿದೇ ಮಾತಾಡಿಸ್ತಾರೆ. ಸೈಟ್ ಮಾರ್ತಿರೋದು ಅವರಲ್ಲ, ಬೇರೆ ಯಾರೋ. ಫ್ರೆಂಡ್‌ಗೆ ಹೇಳಿದೀನಿ, ಭಾನುವಾರ ಮಾರೋರ ಜೊತೆ ಕಾಲ್‌ನಲ್ಲಿ ಕೂತಾಗ ಟ್ರಾಫಿಕ್ ಲೆಕ್ಕ ಆಮೇಲೆ ಕೇಳೋಣ ಅಂತ. ಮೊದಲು ಡೊಮೇನ್ ಯಾರ ಹೆಸರಲ್ಲಿದೆ, ರಿನ್ಯೂವಲ್ ಯಾವಾಗ, ಆಂಟಿ ಮುಂದೇನೂ ಬರೀತಾರಾ, ಅವರಿಗೆ ಈ ಮಾರಾಟದ ವಿಷಯ ಗೊತ್ತಾ?