ಮಗುವಿನ ಊಟ: ಶಾಸನದ ಎಲ್ಲೆ, ಹೆತ್ತವರ ಹೊಣೆ

ಮಗು ಏನನ್ನು ಉಣ್ಣಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ತಾಯಿತಂದೆಯರದೆಂಬುದು ನಿರ್ವಿವಾದ. ಆದರೆ ವ್ಯಾಪಾರಿಯು ಹೆತ್ತವರನ್ನು ಬದಿಗೆ ಸರಿಸಿ ನೇರವಾಗಿ ಮಗುವಿನೊಡನೆಯೇ ಮಾತಿಗಿಳಿದಾಗ ಆ ಅಧಿಕಾರದ ಗತಿಯೇನು? ಆಗ ಸರ್ಕಾರ ನಡುವೆ ಬರುವುದು ಉಚಿತವೆ? ಉತ್ತರ ಅಮೆರಿಕ ಖಂಡದಲ್ಲಿ ಈ ಪ್ರಶ್ನೆ ಮೂರು ಬಾರಿ, ಮೂರು ಬಗೆಯಲ್ಲಿ ಪರೀಕ್ಷೆಗೊಳಗಾಗಿದೆ. ಅದರ ಇತಿಹಾಸವನ್ನು ಗೃಹಸ್ಥರಾದ ನಾವೂ ಅರಿತಿರುವುದು ಒಳಿತು.

ಮೊದಲನೆಯದು ಅಮೆರಿಕ ಸಂಯುಕ್ತ ಸಂಸ್ಥಾನದ್ದು. 1968ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಪೆಗ್ಗಿ ಚಾರೆನ್ ಎಂಬ ಗೃಹಿಣಿ ನೆರೆಯ ತಾಯಂದಿರನ್ನು ಕೂಡಿಸಿಕೊಂಡು, ಮಕ್ಕಳ ಟೆಲಿವಿಷನ್ ಕಾರ್ಯಕ್ರಮಗಳ ಸುಧಾರಣೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. 1977ರಲ್ಲಿ ಈ ಸಂಸ್ಥೆಯೂ ಇತರರೂ ಫೆಡರಲ್ ಟ್ರೇಡ್ ಕಮಿಷನ್ನಿಗೆ ಮನವಿ ಸಲ್ಲಿಸಿದರು. ಮರುವರ್ಷ ಆ ಆಯೋಗವು, ಮಾರಾಟದ ಉದ್ದೇಶವನ್ನೇ ಅರಿಯಲಾರದ ಎಳೆಯರನ್ನು ಗುರಿಯಾಗಿಸಿಕೊಂಡ ಎಲ್ಲ ಟೆಲಿವಿಷನ್ ಜಾಹೀರಾತುಗಳನ್ನೂ, ತುಸು ದೊಡ್ಡ ಮಕ್ಕಳಿಗೆ ತೋರಿಸುವ, ಹಲ್ಲಿಗೆ ಹಾನಿಕರವಾದ ಸಿಹಿತಿನಿಸುಗಳ ಜಾಹೀರಾತುಗಳನ್ನೂ ನಿಷೇಧಿಸುವ ವಿಚಾರವನ್ನು ಮುಂದಿಟ್ಟಿತು. ಒಡನೆಯೇ ಉದ್ಯಮಗಳು ಸಿಡಿದೆದ್ದವು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು 1978ರ ಮಾರ್ಚ್ 1ರ ಸಂಪಾದಕೀಯದಲ್ಲಿ, ಆಯೋಗವು ಇಡೀ ರಾಷ್ಟ್ರಕ್ಕೆ ದಾದಿಯಾಗಲು ಹೊರಟಿದೆಯೆಂದು ಹಾಸ್ಯಮಾಡಿತು. 1980ರಲ್ಲಿ ಅಮೆರಿಕದ ಕಾಂಗ್ರೆಸ್ಸು ಶಾಸನದ ಮೂಲಕ ಆಯೋಗದ ಕೈಕಟ್ಟಿತು. 1981ರಲ್ಲಿ ಆ ಪ್ರಸ್ತಾಪ ಕೊನೆಗೊಂಡಿತು. ಹೊಣೆ ಹೆತ್ತವರದೇ ಎಂಬ ವಾದಕ್ಕೆ ಜಯ ದೊರೆಯಿತು. ಆದರೆ ಆ ಹೊಣೆಯನ್ನು ಹೊರಲು ನೆರವು ಕೇಳಿದ್ದವರೂ ತಾಯಂದಿರೇ ಎಂಬುದನ್ನು ಆ ಗದ್ದಲದಲ್ಲಿ ಯಾರೂ ನೆನೆಯಲಿಲ್ಲ.

ನೆರೆಯ ಕೆನಡಾದ ಕ್ವಿಬೆಕ್ ಪ್ರಾಂತ್ಯ ಬೇರೆ ಹಾದಿಯನ್ನು ಹಿಡಿಯಿತು. ಅಲ್ಲಿನ 1978ರ ಗ್ರಾಹಕ ರಕ್ಷಣಾ ಶಾಸನದ ಪ್ರಕಾರ, 13 ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ವಾಣಿಜ್ಯ ಜಾಹೀರಾತು 1980ರಿಂದ ನಿಷಿದ್ಧವಾಯಿತು. ಆಟಿಕೆ ಮಾರುವ ಸಂಸ್ಥೆಯೊಂದು ಇದನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಪ್ರಶ್ನಿಸಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಇದರಿಂದ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದು ದಿಟವಾದರೂ, ಸುಲಭವಾಗಿ ಮರುಳಾಗುವ ಮಕ್ಕಳ ರಕ್ಷಣೆಗಾಗಿ ಅದು ಸಮರ್ಥನೀಯವೆಂದು ಮೂವರು ನ್ಯಾಯಾಧೀಶರ ಬಹುಮತದಿಂದ ತೀರ್ಪಿತ್ತಿತು; ಇಬ್ಬರು ಭಿನ್ನಮತವನ್ನು ದಾಖಲಿಸಿದರು. 1984ರಿಂದ 1992ರವರೆಗಿನ ಕುಟುಂಬ ವೆಚ್ಚದ ಅಂಕಿಅಂಶಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಈ ನಿಷೇಧದ ಫಲವಾಗಿ ಯಾವುದೇ ವಾರದಲ್ಲಿ ಕುಟುಂಬವೊಂದು ಫಾಸ್ಟ್‌ಫುಡ್ ಕೊಳ್ಳುವ ಸಂಭವ ಶೇ. 13ರಷ್ಟು ತಗ್ಗಿತೆಂದು ಲೆಕ್ಕಹಾಕಿದೆ. ಶಾಸನ ನಿಷ್ಫಲವೆನ್ನುವವರು ಇದನ್ನು ಗಮನಿಸಬೇಕು. ಆದರೆ ಅಂಗಡಿಯ ಕಿಟಕಿ, ತಿನಿಸಿನ ಪೊಟ್ಟಣಗಳಿಗೆ ಅಲ್ಲಿ ವಿನಾಯಿತಿಯಿತ್ತು. ಗಡಿಯಾಚೆಯಿಂದ ಬರುವ ಇಂಗ್ಲಿಷ್ ಕಾರ್ಯಕ್ರಮಗಳಿಗೆ ಕಾನೂನಿನ ತಡೆಯೂ ಇರಲಿಲ್ಲ. ಶಾಸನದ ತೋಳು ಎಷ್ಟು ದೂರ ಚಾಚಬಲ್ಲದೆಂಬುದೂ ಇದರಿಂದಲೇ ತಿಳಿಯುತ್ತದೆ.

ಮೂರನೆಯದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರಸಂಗ. ಮ್ಯಾಕ್‌ಡೊನಾಲ್ಡ್ಸ್ ಸಂಸ್ಥೆ 1979ರಿಂದ ಅಮೆರಿಕದಾದ್ಯಂತ ‘ಹ್ಯಾಪಿ ಮೀಲ್’ ಎಂಬ ಮಕ್ಕಳ ಊಟದೊಡನೆ ಆಟಿಕೆಯನ್ನು ಕೊಡುತ್ತ ಬಂದಿತ್ತು. 2010ರಲ್ಲಿ ನಗರದ ಆಡಳಿತ ಮಂಡಳಿಯು, 600 ಕ್ಯಾಲೊರಿಯ ಮಿತಿಯೊಳಗಿರದ, ಹಣ್ಣುತರಕಾರಿಗಳಿಲ್ಲದ ಊಟದ ಜೊತೆ ಉಚಿತ ಆಟಿಕೆ ಕೊಡಬಾರದೆಂದು ನಿಯಮ ಮಾಡಿತು. ಮಗುವಿನ ಊಟ ಹೆತ್ತವರ ವಿಷಯವೆಂದು ವಾದಿಸಿ ಮೇಯರ್ ಅದನ್ನು ತಡೆದರೂ ಮಂಡಳಿ ಬಹುಮತದಿಂದ ಆ ತಡೆಯನ್ನು ಮೀರಿತು. 2011ರ ಡಿಸೆಂಬರ್ 1ರಂದು ನಿಯಮ ಜಾರಿಗೆ ಬಂದಾಗ ಸಂಸ್ಥೆ ಆಟಿಕೆಯನ್ನು ಉಚಿತವಾಗಿ ಕೊಡುವುದನ್ನು ನಿಲ್ಲಿಸಿ, ಊಟ ಕೊಂಡವರಿಗೆ 10 ಸೆಂಟಿಗೆ ಮಾರತೊಡಗಿತು; ಆ ಹಣವನ್ನು ಧರ್ಮಕಾರ್ಯಕ್ಕೆ ಕೊಡುವುದಾಗಿಯೂ ಸಾರಿತು. ಕಾನೂನಿನ ಅಕ್ಷರ ಉಳಿಯಿತು, ಆಶಯ ಅಳಿಯಿತು. ಇಲ್ಲಿ ಎರಡು ಮಾತುಗಳನ್ನು ಮನಗಾಣಬೇಕು. ದಾನದ ಹೆಸರು ಸೇರಿದ ಮಾತ್ರಕ್ಕೆ ಮೂಲದ ದೋಷ ತೊಳೆದುಹೋಗದು. ಎರಡನೆಯದಾಗಿ, ಆ 10 ಸೆಂಟನ್ನು ತೆತ್ತವರು ವ್ಯಾಪಾರಿಯಲ್ಲ, ಹೆತ್ತವರು.

ನಮ್ಮ ದೇಶದಲ್ಲೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ನಿಯಮಗಳನ್ನು ಹೊರಡಿಸಿ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳ ಮಾರಾಟವನ್ನೂ ಪ್ರಚಾರವನ್ನೂ ಶಾಲೆಯ ಆವರಣದಲ್ಲಿ ಮತ್ತು ಶಾಲಾದ್ವಾರದಿಂದ 50 ಮೀಟರ್ ಒಳಗೆ ನಿರ್ಬಂಧಿಸಿದೆ. ಇದು ಸ್ವಾಗತಾರ್ಹ. ಆದರೆ ಐವತ್ತೊಂದನೆಯ ಮೀಟರಿನಿಂದ ಮನೆಯ ಹೊಸ್ತಿಲವರೆಗೆ ಮಗುವಿನ ಕೈಹಿಡಿದು ನಡೆಸುವವರು ಯಾರು?

ಆದುದರಿಂದ ಶಾಸನವೋ ಹೆತ್ತವರೋ ಎಂಬ ಪ್ರಶ್ನೆಯನ್ನು ಒಡ್ಡುವ ಕ್ರಮವೇ ಸರಿಯಲ್ಲ. ಮಗುವಿನ ಕಿವಿಯಲ್ಲಿ ಪಿಸುಗುಟ್ಟುವ ಪರಕೀಯ ದನಿಯನ್ನು ಅಡಗಿಸುವುದು ಸರ್ಕಾರದ ಕೆಲಸ. ಅದನ್ನು ಒಬ್ಬೊಬ್ಬ ತಾಯಿ ಒಂಟಿಯಾಗಿ ಮಾಡಲಾರಳು. ಆ ದನಿ ಅಡಗಿದ ಮೇಲೆ ಉಂಟಾಗುವ ಮೌನದಲ್ಲಿ ಒಳ್ಳೆಯ ಅಭ್ಯಾಸವನ್ನು ಬಿತ್ತುವುದು ಮನೆಯ ಕೆಲಸ. ಅದನ್ನು ಯಾವ ಸರ್ಕಾರವೂ ಮಾಡಲಾರದು. ತಪ್ಪನ್ನು ಮಾಡುವವನು, ಮಾಡಿಸುವವನು, ಕಂಡೂ ಸುಮ್ಮನೆ ಒಪ್ಪುವವನು ಮೂವರೂ ಅದರಲ್ಲಿ ಪಾಲುಗಾರರು. ಮಕ್ಕಳು ಕೂಡುವ ಉತ್ಸವ, ಶಿಬಿರಗಳನ್ನು ನಡೆಸುವ ವಿಶ್ವಸ್ಥ ಮಂಡಳಿಗಳು ಅಲ್ಲಿ ಯಾವ ತಿನಿಸಿನ ಫಲಕಕ್ಕೆ ಜಾಗ ಕೊಡುತ್ತೇವೆಂಬುದನ್ನು ಒಮ್ಮೆ ಯೋಚಿಸಲಿ. ದಿನದಲ್ಲಿ ಒಂದು ಹೊತ್ತಾದರೂ ಮಕ್ಕಳೊಡನೆ ಕುಳಿತು ಉಣ್ಣುವ, ತಾವು ಬೇಡವೆಂದುದನ್ನು ಮೊದಲು ತಾವೇ ಬಿಡುವ ಹಿರಿಯರಿರುವ ಮನೆಯಲ್ಲಿ ಶಾಸನವೂ ಸಾರ್ಥಕವಾಗುತ್ತದೆ.