ಗಂಜಿಮನೆಯ ಬಾಗಿಲು

ಪಂಡಿತಾ ರಮಾಬಾಯಿಯನ್ನು ಪುಣೆಯವರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಾಗಿದ್ದೇವೆ. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಮಠ-ಮಂದಿಯ ಸಿಟ್ಟಿಗೆ ಗುರಿಯಾಗಿ ಗಂಗಾಮೂಲದ ಕಾಡು ಸೇರಿದರು. 1858ರಲ್ಲಿ ರಮಾ ಹುಟ್ಟಿದ್ದು ಅಲ್ಲಿ. ಶಾಲೆಯಲ್ಲಿ ವರ್ಷಗಟ್ಟಲೆ ಇತಿಹಾಸ ಕಲಿಸಿದವಳು ನಾನು. ಪುಸ್ತಕಗಳು 'ಸಮಾಜ ಸುಧಾರಕಿ' ಎಂದು ಒಂದು ಸಾಲಿನಲ್ಲಿ ಮುಗಿಸುವ ಈ ಹೆಂಗಸಿನ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬರ.

ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಿದ್ದ ಕುಟುಂಬವದು. ಮದ್ರಾಸು ಸೀಮೆಯಲ್ಲಿ ಬರ ಹಿಡಿದಾಗ ಕೈಯಲ್ಲಿದ್ದದ್ದೆಲ್ಲ ತೀರಿ, ಕಾಡಿನ ಎಲೆ ತಿಂದು ದಿನ ನೂಕಿದರು. 1874ರಲ್ಲಿ ತಂದೆ ಹೋದರು, ಹಿಂದೆಯೇ ತಾಯಿ. ತಾಯಿಯ ಹೆಣ ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ಅಣ್ಣನ ಜೊತೆ ಹದಿನಾರರ ರಮೆಯೂ ಚಟ್ಟಕ್ಕೆ ಆಸರೆಯಾದಳು. ಗಿಡ್ಡ ಮೈಕಟ್ಟು, ಹೆಗಲು ಎಟುಕದೆ ತಲೆಯ ಮೇಲೆ ಹೊತ್ತಳು. ಆಮೇಲೆ ಅಕ್ಕನೂ ಹೋದಳು. ಉಳಿದ ಇಬ್ಬರು ನಡೆದೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಮುಟ್ಟಿದರು. 'ಪಂಡಿತಾ', 'ಸರಸ್ವತಿ' ಬಿರುದುಗಳು ಬಂದದ್ದು ಅಲ್ಲಿ. ಮದುವೆ, ವೈಧವ್ಯ, ಇಂಗ್ಲೆಂಡ್, ಕ್ರೈಸ್ತ ದೀಕ್ಷೆ, ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ: ಇವೆಲ್ಲ ಬಹಳ ಮಂದಿ ಬರೆದ ಕತೆ.

1896-97ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಂತು. ಆ ಹೊತ್ತಿಗೆ ಸರ್ಕಾರದ ಬಳಿ ಕ್ಷಾಮ ಸಂಹಿತೆಯಿತ್ತು. ಕಲ್ಲು ಒಡೆಯುವ ಕಾಮಗಾರಿ, ಕೈಲಾಗದವರಿಗೆ ಗಂಜಿಮನೆ, ಗಂಡಿಗಿಂತ ಹೆಣ್ಣಿಗೆ ಕಡಿಮೆ ಕೂಲಿ, ಎಲ್ಲಕ್ಕೂ ಲೆಕ್ಕ. ರಮಾಬಾಯಿ ಹೋಗಿ ನೋಡಿದ್ದು ಆ ಲೆಕ್ಕದಲ್ಲಿ ಇಲ್ಲದ್ದನ್ನು. ಗಂಡನನ್ನೋ ಅಪ್ಪನನ್ನೋ ಕಳೆದುಕೊಂಡ ಹುಡುಗಿ ಗಂಜಿಗೆ ಸಾಲು ನಿಂತರೆ ಅವಳ ಮೇಲೆ ಕಣ್ಣಿಡುವವರು ಹೊರಗಿನ ದಲ್ಲಾಳಿಗಳಷ್ಟೇ ಅಲ್ಲ, ಕಾವಲಿಗಿದ್ದವರೂ ಹೌದು. ಅನ್ನ ಕೊಡುವ ಕೈಯೇ ಬೆಲೆ ಕೇಳುತ್ತದೆ ಎಂಬುದನ್ನು ಆಕೆ ಮುಚ್ಚುಮರೆಯಿಲ್ಲದೆ ಬರೆದರು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು.

2019ರ ನೆರೆಯಲ್ಲಿ ಬೆಳಗಾವಿ ಕಡೆಯ ಒಂದು ಗಂಜಿ ಕೇಂದ್ರದಲ್ಲಿ ಅನ್ನ ಬಡಿಸಲು ಹೋಗಿದ್ದೆ. ಅಕ್ಕಿ, ಬೇಳೆ, ಚಾಪೆ ಧಾರಾಳ. ಹೆಂಗಸರ ಪಾಯಿಖಾನೆಗೆ ಚಿಲಕವಿಲ್ಲ. 'ರಾತ್ರಿ ನಾವು ನೀರೇ ಕುಡಿಯಂಗಿಲ್ರೀ ಅಕ್ಕಾರ' ಎಂದಳು ಒಬ್ಬ ಬಾಣಂತಿ. ರಮಾಬಾಯಿಯ ಬರಹ ಅಲ್ಲಿ ಚೆನ್ನಾಗಿ ಅರ್ಥವಾಯಿತು.

ರಮಾಬಾಯಿ ಆ ಹುಡುಗಿಯರನ್ನು ಕರೆತಂದಾಗ, ಶಾರದಾ ಸದನ ಅಷ್ಟರಲ್ಲಿ ಸೇರಿದ್ದ ಪುಣೆಯಲ್ಲಿ ಪ್ಲೇಗು. ಬರದ ಸೀಮೆಯಿಂದ ಬಂದ ಮಕ್ಕಳನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಪ್ಲೇಗಿನ ಆಸ್ಪತ್ರೆಯಲ್ಲಿ ಹೆಣ್ಣಿಗೆ ರಕ್ಷಣೆಯಿಲ್ಲವೆಂದು ಆಕೆ ಪತ್ರಿಕೆಗೆ ಬರೆದದ್ದು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. ಮುಂಬಯಿ ಸರ್ಕಾರ ತಳ್ಳಿಹಾಕಿತು. ಪುಣೆಯಾಚೆಯ ಕೆಡಗಾಂವ್‌ನಲ್ಲಿ ಆಕೆ ಮೊದಲೇ ಕೊಂಡಿದ್ದ ನೂರು ಎಕರೆ ಈಗ ಕೈಹಿಡಿಯಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಮಂದಿ. ಬೇಸಾಯ, ಹೈನು, ನೇಯ್ಗೆ, ಎಣ್ಣೆಗಾಣ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರೂ ಹುಡುಗಿಯರೇ. ಕುರುಡು ಮಕ್ಕಳಿಗೆ ಬ್ರೈಲ್ ಕಲಿಸಿದವಳು ಮಗಳು ಮನೋರಮಾ.

ಮತಾಂತರದ ಮಾತು ಬಿಡಲಾಗದು. 1893ರಲ್ಲೇ ಈ ವಿಷಯಕ್ಕೆ ಸುಧಾರಕರಾದ ರಾನಡೆ, ಭಂಡಾರ್ಕರ್ ಶಾರದಾ ಸದನದ ಸಲಹಾ ಸಮಿತಿ ಬಿಟ್ಟಿದ್ದರು. ತಿಲಕರ 'ಕೇಸರಿ' ಪತ್ರಿಕೆ ಬಿಡದೆ ಬಯ್ದಿತ್ತು. ಕೆಡಗಾಂವ್‌ನ ಹುಡುಗಿಯರು ಗುಂಪುಗುಂಪಾಗಿ ಕ್ರೈಸ್ತರಾದರು. ಹಸಿದು ಬಂದ ಮಗು ತಾನಾಗಿ ಆರಿಸಿಕೊಂಡಿತು ಎನ್ನುವುದು ಕಷ್ಟ. ಈ ಟೀಕೆಯಲ್ಲಿ ಹುರುಳಿದೆ. ಆದರೆ ಬಯ್ದವರಲ್ಲಿ ಎಷ್ಟು ಮಂದಿ ಗಂಜಿಮನೆಯ ಬಾಗಿಲಿಗೆ ಹೋಗಿ ನಿಂತಿದ್ದರು?

1912ರ ಸುಮಾರಿಗೆ ತಾಯಿ-ಮಗಳು ಕನ್ನಡ ಸೀಮೆಗೂ ಕೈಚಾಚಿದರು. ನಿಜಾಮನ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆ ತೆರೆದರು, ಮನೋರಮಾ ಅದರ ಮುಖ್ಯಸ್ಥೆಯಾದಳು. 1921ರಲ್ಲಿ ಮಗಳು ತೀರಿಕೊಂಡಳು. ಮರುವರ್ಷ ಏಪ್ರಿಲ್‌ನಲ್ಲಿ ತಾಯಿ.