ಬೆಳಕನ್ನು ಹಿಡಿವ ಹರಳು

1839ನೆಯ ಇಸವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು ಯೂರೋಪಿನಲ್ಲಿ ಜರುಗಿದವು. ದ್ರಾವಣದಲ್ಲಿ ಮುಳುಗಿಸಿದ ಲೋಹದ ಫಲಕಕ್ಕೆ ಬೆಳಕು ತಾಗಿದರೆ ವಿದ್ಯುತ್ತು ಹರಿಯುವುದೆಂದು ಪ್ಯಾರಿಸ್ಸಿನಲ್ಲಿ ಹತ್ತೊಂಬತ್ತರ ತರುಣ ಎಡ್ಮಂಡ್ ಬೆಕೆರೆಲ್ ಕಂಡುಕೊಂಡ. ಬರ್ಲಿನ್ನಿನ ಗುಸ್ತಾವ್ ರೋಸ್, ಉರಲ್ ಪರ್ವತದಿಂದ ಬಂದ ಖನಿಜವೊಂದಕ್ಕೆ ರಷ್ಯದ ಶ್ರೀಮಂತ ಲೆವ್ ಪೆರೋವ್‌ಸ್ಕಿಯ ಹೆಸರಿಟ್ಟ. ಈ ಎರಡು ಎಳೆಗಳು ಕೂಡಲು 170 ವರ್ಷ ಹಿಡಿದವು.

ಪೆರೋವ್‌ಸ್ಕೈಟ್ ಎಂಬುದು ಈಗ ಒಂದು ಕಲ್ಲಿನ ಹೆಸರಲ್ಲ, ಒಂದು ಮನೆತನದ ಹೆಸರು. ಪರಮಾಣುಗಳು ಅದೇ ವಿನ್ಯಾಸದಲ್ಲಿ ಕುಳಿತ ಹರಳುಗಳೆಲ್ಲ ಆ ಕುಲಕ್ಕೆ ಸೇರಿದವು. ಇದನ್ನು ಕನ್ನಡಿಸಲು ಹೊರಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ವ್ಯಕ್ತಿಯ ಹೆಸರಿಗೆ ಅನುವಾದವುಂಟೆ? ಈ ಕುಲದ ಆಕ್ಸೈಡುಗಳ ಗುಣಧರ್ಮಗಳನ್ನು ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರು ದಶಕಗಳ ಕಾಲ ಶೋಧಿಸಿದ್ದಾರೆ.

ಬೆಳಕಿನ ಕೆಲಸಕ್ಕೆ ಒದಗಿದ್ದು ಸೀಸ, ಅಯೋಡಿನ್ನುಗಳಿಂದಾದ ಅದರ ದಾಯಾದಿ. 2009ರಲ್ಲಿ ಜಪಾನಿನ ಮಿಯಾಸಾಕಾ ಮತ್ತು ಸಂಗಡಿಗರು ಅದರಿಂದ ಸೌರಕೋಶ ಮಾಡಿದಾಗ, ಬಿದ್ದ ಬೆಳಕಿನಲ್ಲಿ ಶೇಕಡಾ 3.8ರಷ್ಟು ಮಾತ್ರ ವಿದ್ಯುತ್ತಾಯಿತು. ಕೋಶದೊಳಗಿನ ದ್ರವವೇ ಹರಳನ್ನು ಕರಗಿಸಿಬಿಡುತ್ತಿತ್ತು. 2012ರಲ್ಲಿ ದ್ರವದ ಬದಲು ಘನವಸ್ತುವನ್ನಿಟ್ಟರು. ದಕ್ಷತೆ ಶೇಕಡಾ ಹತ್ತರ ಸಮೀಪಕ್ಕೆ ನೆಗೆಯಿತು. ಪ್ರಯೋಗಶಾಲೆಯ ಚಿಕ್ಕ ಕೋಶಗಳಲ್ಲಿ ಅದೀಗ ಶೇಕಡಾ 26ನ್ನು ದಾಟಿದೆ. ಸಿಲಿಕಾನು ಈ ಎತ್ತರ ಏರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತ್ತು.

ಸಿಲಿಕಾನನ್ನು ಕರಗಿಸಲು 1,414 ಡಿಗ್ರಿ ಉಷ್ಣ ಬೇಕು. ಇದನ್ನಾದರೋ ಶಾಯಿಯಂತೆ ಬಳಿದು ನೂರು ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರೆ ಸಾಕು. ಸುಲಭವಾಗಿ ಹುಟ್ಟಿದ್ದು ಸುಲಭವಾಗಿಯೇ ಸಾಯುತ್ತದೆ ಎಂಬುದೇ ತೊಡಕು. ತೇವ ತಗುಲಿದರೆ ಕಪ್ಪು ಹರಳು ಹಳದಿಯ ಸೀಸದ ಅಯೋಡೈಡಾಗಿ ಒಡೆಯುತ್ತದೆ. ಕಾವಿಗೆ ಅದರೊಳಗಿನ ಸಾವಯವ ಅಂಶ ಹಾರಿಹೋಗುತ್ತದೆ. ಬೆಳಕಿನಲ್ಲಿಯೇ ಅಯಾನುಗಳು ಜಾಗ ಬಿಟ್ಟು ಅಲೆಯುತ್ತವೆ. ಬೆಳಕಿಗಾಗಿ ಹುಟ್ಟಿದ ವಸ್ತು ಬೆಳಕಿಗೇ ಬಾಡುವುದೆಂದರೆ! ಆದ್ದರಿಂದ ಹಾರುವ ಅಂಶದ ಬದಲು ಫಾರ್ಮಮಿಡಿನಿಯಂ, ಸೀಸಿಯಂಗಳನ್ನು ಸೇರಿಸುತ್ತಾರೆ, ಹರಳಿನ ಮೇಲ್ಮೈಯ ಕುಂದುಗಳನ್ನು ತೆಳುಪದರದಿಂದ ಮುಚ್ಚುತ್ತಾರೆ, ಗಾಜುಗಳ ನಡುವೆ ಅಂಚು ಬಿಗಿದು ಗಾಳಿಯಾಡದಂತೆ ಮಾಡುತ್ತಾರೆ. 85 ಡಿಗ್ರಿ ಕಾವು, ಶೇಕಡಾ 85ರ ತೇವದಲ್ಲಿ ಸಾವಿರ ಗಂಟೆ ಬಾಳುವುದು ಫಲಕಗಳ ಅಗ್ನಿಪರೀಕ್ಷೆ. 2016ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಿ.ಡಿ. ಸರ್ಮಾ ಮತ್ತು ಸಹೋದ್ಯೋಗಿಗಳು, ಈ ಹರಳು ಸ್ವಭಾವತಃ ಧ್ರುವೀಯವೇ ಎಂಬ ವಿವಾದವನ್ನೆತ್ತಿಕೊಂಡು, ಕೊಠಡಿಯ ಉಷ್ಣತೆಯಲ್ಲಿ ಅಲ್ಲವೆಂದು ವಾದಿಸಿದರು.

ಸಿಲಿಕಾನಿನ ಮೇಲೆಯೇ ಇದನ್ನು ಹೊದಿಸಿದರೆ ಒಂದು ನೀಲಿಯ ಕಡೆಯ ಬೆಳಕನ್ನೂ ಇನ್ನೊಂದು ಕೆಂಪಿನ ಕಡೆಯದನ್ನೂ ಹೀರುತ್ತದೆ. ದಕ್ಷತೆ ಶೇಕಡಾ 34ನ್ನು ಮೀರಿದೆ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ಕಂಡವರಿಗೆ, ಒಂದೇ ಮೈಯಲ್ಲಿ ಎರಡು ಸ್ವಭಾವ ನಿಲ್ಲುವ ಬಗೆಯನ್ನು ವಿವರಿಸಬೇಕಿಲ್ಲ.

ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆಯನ್ನು ರೈತರು ಗುತ್ತಿಗೆಗೆ ಕೊಟ್ಟರು. ದಕ್ಷತೆ ಹೆಚ್ಚಿದಷ್ಟೂ ನೆಲ ಕಡಿಮೆ ಸಾಕು. ಆದರೆ ಅದು ಮಳೆ ಕಡಿಮೆಯ ಸೀಮೆ. ಹರಿಹರದ ಕಡೆಯ ಕಡರನಾಯಕನಹಳ್ಳಿಯಂಥ ಊರಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಪಂಪಿನ ಮೇಲಿನ ಫಲಕ ಒಡೆದರೆ ಸೀಸ ಸೇರುವುದು ಭತ್ತದ ಕೆಸರಿಗೆ. ಚದರ ಮೀಟರಿಗೆ ಒಂದು ಗ್ರಾಮಿನ ಆಸುಪಾಸು ಅಷ್ಟೆ ಎಂದು ತಜ್ಞರು ಸಮಾಧಾನ ಹೇಳಬಹುದು, ಉಣ್ಣುವವರು ಒಪ್ಪಬೇಕಲ್ಲ. ಸೋರಿದ ಸೀಸವನ್ನು ಹಿಡಿದಿಡುವ ಪೊರೆಗಳನ್ನು ಈಗ ಪರೀಕ್ಷಿಸುತ್ತಿದ್ದಾರೆ. ಸಿಲಿಕಾನಿಗೆ 25 ವರ್ಷದ ಭರವಸೆ ಕೊಡುವ ಅಂಗಡಿಯವನನ್ನು, ಇದಕ್ಕೆ ಎಷ್ಟು ವರ್ಷವೆಂದು ಆ ಊರಿನ ರೈತ ಮೊದಲು ಕೇಳುತ್ತಾನೆ.